ಸಂಜೀವಪ್ಪ ಎಳೆದ ಮೊದಲ ಪಟ್ಟೆ

ಹಲಸೂರಿನ ಬೋರ್ಡ್ ಪೇಂಟರ್ ಸಂಜೀವಪ್ಪ ಹಾಲಿನಂಗಡಿಗೆ ಒಂದು ಹಸು ಬರೆದುಕೊಟ್ಟಿದ್ದ. ಬೀದಿಯ ಕರುಗಳೆಲ್ಲ ಬೆಳಗಾದರೆ ಬಂದು ಆ ಬೋರ್ಡಿನ ಕೆಳಗೆ ಕತ್ತೆತ್ತಿ ನಿಲ್ಲುತ್ತಿದ್ದವು ಎಂದರೆ ಇವತ್ತಿನವರು ನಂಬುವುದಿಲ್ಲ. ನಂಬದಿದ್ದರೆ ಬೇಡ. ಹಲ್ಲು ಕಟ್ಟುವವನ ಅಂಗಡಿಗೆ ಅವನು ಬರೆದ ದವಡೆಯ ಕಥೆ ಇನ್ನೂ ಮೇಲು. ಅದರ ಕೆಳಗೆ ಹಾದುಹೋಗುವ ಗೋರಾ ಸೋಲ್ಜರುಗಳು ಎಲ್ಲಿ ಕಚ್ಚಿಕೊಂಡುಬಿಡುತ್ತದೋ ಎಂದು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಊರಿನವರು ಮಾತ್ರ ಅದನ್ನು ಗೌರವ ಎಂದು ತಿಳಿದು, ಹಲ್ಲಿನ ಡಾಕ್ಟರಿಗೆ ಇಷ್ಟು ಮರ್ಯಾದೆಯೇ ಎಂದು ಬೆರಗಾಗುತ್ತಿದ್ದರು.

ದಂಡಿನ ಪ್ರದೇಶದಲ್ಲಿ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನಲ್ಲಿ, ಬೋರ್ಡ್ ಬರೆಯುವವನಿಗೆ ನಾಲ್ಕು ಲಿಪಿ ಕೈಗೆ ಬರಬೇಕು. ಇಂಗ್ಲಿಷು, ತಮಿಳು, ಉರ್ದು, ಕನ್ನಡ. ಸಂಜೀವಪ್ಪನ ಕೈಗೆ ನಾಲ್ಕೂ ಬರುತ್ತಿದ್ದವು. ಓದಲು ಬರುತ್ತಿದ್ದುದು ಕನ್ನಡ ಒಂದೇ, ಅದೂ ನೆಗಡಿಯಾದವನು ಉಸಿರಾಡಿದ ಹಾಗೆ ತಡೆತಡೆದು. ಉಳಿದ ಮೂರನ್ನು ಅವನು ಬಳ್ಳಿಯೋ ನವಿಲೋ ಎಂಬಂತೆ ನೋಡಿಕೊಂಡು ಬರೆಯುತ್ತಿದ್ದ. ಅದಕ್ಕೇ ಅವು ಅಷ್ಟು ಚೆನ್ನಾಗಿ ಬರುತ್ತಿದ್ದವು ಎಂದು ಅವನ ಹೆಂಡತಿ ಮುನಿಶಾಮಮ್ಮ ಹೇಳುತ್ತಿದ್ದಳು. ಅರ್ಥವಾದದ್ದನ್ನು ತನ್ನ ಗಂಡ ಯಾವತ್ತೂ ಕೆಡಿಸದೆ ಬಿಟ್ಟವನಲ್ಲ ಎಂಬುದು ಅವಳ ಅಭಿಪ್ರಾಯ.

ಆದರೆ ಅವನ ಕೈಯ ಒಳ್ಳೆಯ ಕೆಲಸ ಯಾವ ಅಂಗಡಿಯ ಮೇಲೂ ಇರಲಿಲ್ಲ. ಅದು ವರ್ಷಕ್ಕೊಮ್ಮೆ, ಮೊಹರಂನಲ್ಲಿ, ಅಮೀರನ ಮೈಮೇಲೆ ಬರುತ್ತಿತ್ತು. ಹಬ್ಬ ಮುಗಿದ ದಿನ ನೀರಿನಲ್ಲಿ ಹೋಗುತ್ತಿತ್ತು.

ಅಮೀರ್ ಹತ್ತಿ ಪಿಂಜುವವನು. ಈಗ ಶಿವಾಜಿನಗರ ಎನ್ನುತ್ತಾರಲ್ಲ, ಆಗಿನ್ನೂ ಬ್ಲ್ಯಾಕ್‌ಪಳ್ಳಿ, ಅಲ್ಲಿ ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ ತಾಯಿಯ ಜೊತೆ ಇದ್ದ. ಪಿಂಜುವ ಬಿಲ್ಲನ್ನು ಹೆಗಲ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಹಾಸಿಗೆ, ರಜಾಯಿ ತುಂಬಿಕೊಡುತ್ತಿದ್ದ. ಆಳು ಎಷ್ಟು ಸಣ್ಣಗಿದ್ದನೆಂದರೆ, ಗಾಳಿ ಬೀಸುವ ದಿನ ಹತ್ತಿಯ ಜೊತೆ ತಾನೂ ಹಾರಿಹೋಗಬಾರದೆಂದು ಬಿಲ್ಲನ್ನು ಕಾಲಿಗೆ ಒತ್ತಿ ಹಿಡಿದುಕೊಂಡು ಕೂರುತ್ತಿದ್ದ. ಮಾತೂ ಹತ್ತಿಯೇ. ಬಿಲ್ಲಿನ ತಂತಿ ‘ಟೊಂಯ್’ ಎಂದಷ್ಟು ಜೋರಾಗಿ ಅವನು ಹುಟ್ಟಿದಾಗಲೂ ಅತ್ತಿರಲಾರ. ಎದುರಿಗೆ ಬೆಕ್ಕು ಬಂದರೆ ದಾರಿ ಬಿಟ್ಟು, ಅದು ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದ.

ಇಂಥವನು ಮೊಹರಂನಲ್ಲಿ ಹುಲಿಯಾಗುತ್ತಿದ್ದ. ಆಗ ಹಲಸೂರಿನ ಎಮ್ಮೆಗಳು ಗಾಬರಿಯಿಂದ ಹಾಲಿನ ಬದಲು ನೇರವಾಗಿ ಮೊಸರನ್ನೇ ಕೊಡುತ್ತಿದ್ದವಂತೆ.

ಅವನ ತಾಯಿ ಕಮರುನ್ನೀಸಾ. ಅಮೀರ್ ಕೂಸಾಗಿದ್ದಾಗ ಜ್ವರ ಬಂದು, ಡಾಕ್ಟರು ಕೈಬಿಟ್ಟು, ಅಳುವುದನ್ನೂ ನಿಲ್ಲಿಸಿಬಿಟ್ಟಾಗ ಆಕೆ ಮಗುವನ್ನು ಎತ್ತಿಕೊಂಡು ಹೋಗಿ ಮೊಹರಂನ ಹಸ್ತದ ಗುರುತು ಪಂಜಾ ಕೂರಿಸಿದ್ದ ಕಡೆ ನೆಲದ ಮೇಲೆ ಮಲಗಿಸಿ ಹರಕೆ ಹೊತ್ತಳು. ಮಗು ಉಳಿದರೆ ಬದುಕಿರುವ ತನಕ ಪ್ರತಿ ಮೊಹರಂನಲ್ಲೂ ಹುಲಿ ವೇಷ ಹಾಕಿಸುತ್ತೇನೆ ಎಂದು. ಮಗು ಉಳಿಯಿತು. ಅಂದಿನಿಂದ ಒಂದು ಪದ್ಧತಿ. ಸಂಜೀವಪ್ಪ ಎಷ್ಟೇ ಬಣ್ಣ ಕಲಸಿಟ್ಟುಕೊಂಡು ಕಾದಿರಲಿ, ಮೊದಲ ಪಟ್ಟೆ ಅವನದಲ್ಲ. ಲೋಬಾನ ಹಾಕಿ, ಫಾತಿಹಾ ಓದಿಸಿ, ಕಮರುನ್ನೀಸಾ ತೋರುಬೆರಳನ್ನು ತೆಂಗಿನ ಚಿಪ್ಪಿನ ಬಣ್ಣದಲ್ಲಿ ಅದ್ದಿ ಮಗನ ಹಣೆಯ ಮೇಲೆ ಒಂದು ಗೆರೆ ಎಳೆಯಬೇಕು. ಗೆರೆ ಸೊಟ್ಟಗೇ ಬರುತ್ತಿತ್ತು. ಸಂಜೀವಪ್ಪ ಅದನ್ನು ತಿದ್ದುತ್ತಿರಲಿಲ್ಲ. ಅದರ ಸೊಟ್ಟಕ್ಕೆ ಸರಿಯಾಗಿ ಉಳಿದ ಹುಲಿಯನ್ನೆಲ್ಲ ಬರೆಯುತ್ತಿದ್ದ. ಆ ಗೆರೆ ಬಿದ್ದ ಮೇಲೆ ಅಮೀರ್ ಕುರ್ಚಿ, ಮಂಚದ ಮೇಲೆ ಕೂರುತ್ತಿರಲಿಲ್ಲ. ಯಾರು ಎಷ್ಟು ಕಾಸು ಕೊಟ್ಟರೂ ಹಬ್ಬದಲ್ಲಿ ಹಂಚುವ ಪಾನಕಕ್ಕೆ ಹೋಗುತ್ತಿತ್ತು. ತಾಯಂದಿರು, ಹಿಂದೂಗಳೋ ಸಾಬರೋ, ಬೆದರುವ ಕೂಸುಗಳನ್ನು ಎತ್ತಿಕೊಂಡು ಬಂದು ಹುಲಿಯ ಬಾಲ ಮುಟ್ಟಿಸುತ್ತಿದ್ದರು. ಕೊನೆಯ ದಿನ ತಮಟೆಯ ಜೊತೆ ಕುಣಿಯುತ್ತ ಹಲಸೂರು ಕೆರೆಗೆ ಹೋಗಿ ಹುಲಿಯನ್ನು ತೊಳೆಯಬೇಕು. ಅಲ್ಲಿಗೆ ಆ ವರ್ಷದ ಹರಕೆ ತೀರಿತು.

ಅಷ್ಟರಲ್ಲಿ ಯುದ್ಧ ಬಂತು. ದಂಡಿನ ತುಂಬ ಪಟಾಲಂಗಳು, ಗಾಯಗೊಂಡವರ ಆಸ್ಪತ್ರೆಗಳು. ದೊಡ್ಡ ರಸ್ತೆಯಲ್ಲಿ ತಮಟೆ ಬಡಿಯಕೂಡದು, ಮೆರವಣಿಗೆ ಹೋಗಕೂಡದು ಎಂದು ಹುಕುಂ ಆಯಿತು. ಹುಲಿ ಗಲ್ಲಿಯೊಳಗೇ ಕುಣಿಯಬೇಕಾಯಿತು. ಆ ಗಲ್ಲಿ ಎಷ್ಟು ಚಿಕ್ಕದೆಂದರೆ, ಹುಲಿ ಈ ತುದಿಯಲ್ಲಿ ನೆಗೆದರೆ ಆ ತುದಿ ದಾಟಿಬಿಡುವ ಭಯಕ್ಕೆ ಗಾಳಿಯಲ್ಲೇ ಹೊರಳಿಕೊಂಡು ವಾಪಸು ಬರಬೇಕಿತ್ತು. ತೊಳೆಯುವುದು ಮನೆಯ ಹಿತ್ತಿಲಿನಲ್ಲಿ, ಒಂದು ತಗಡಿನ ತೊಟ್ಟಿಯಲ್ಲಿ. ಕಮರುನ್ನೀಸಾ ಪ್ರತಿ ವರ್ಷ ತೊಟ್ಟಿಯ ಹಳದಿ ನೀರನ್ನು ನೋಡುತ್ತ ಅದೇ ಮಾತು ಹೇಳುತ್ತಿದ್ದಳು:

“ಹರಕೆ ಕೆರೆ ಮುಟ್ಟಲಿಲ್ಲ ಬೇಟಾ. ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಮುಟ್ಟಿದ್ರೆ ಸಾಕು.”

ಯುದ್ಧ ಮುಗಿಯಿತು. ಹುಕುಂ ಮುಗಿಯಲಿಲ್ಲ. ಹಾಕಿದ ಸಾಹೇಬರು ಹಡಗು ಹತ್ತಿ ಹೋಗಿದ್ದರು. ತೆಗೆಯಬೇಕಾದವರಿಗೆ ಅದು ಯಾರದೆಂದೇ ಗೊತ್ತಿರಲಿಲ್ಲ. ಕೆರೆ ಮುಟ್ಟಲಿಲ್ಲ ಎಂಬ ಕಮರುನ್ನೀಸಾಳ ಮಾತು ಸಂಜೀವಪ್ಪನ ಕಿವಿಯಲ್ಲಿ ಕೂತಿತ್ತು. ಅವನಿಗೆ ತಾಯಿ ಇರಲಿಲ್ಲ. ಕಮರುನ್ನೀಸಾಳನ್ನು ಅಮ್ಮಾಜಾನ್ ಎಂದು ಕರೆಯುತ್ತಿದ್ದ, ಆಕೆ ಕೊಟ್ಟದ್ದನ್ನು ತಿನ್ನುತ್ತಿದ್ದ, ಬೈದರೆ ಬೈಸಿಕೊಳ್ಳುತ್ತಿದ್ದ. ಆಕೆಗೆ ಕೆರೆಯ ದಾರಿ ಬಿಡಿಸಿಕೊಡಬೇಕೆಂಬುದು ಅವನ ಮನಸ್ಸಿನೊಳಗೆ ಇತ್ತು. ಬೋರ್ಡ್ ಬರೆಯುವವನ ಮಾತು ಯಾವ ಸರ್ಕಾರ ಕೇಳೀತು ಎಂದು ಸುಮ್ಮನಿದ್ದ. ಹಾಗಿರುವಾಗ ಕಲಾ ಪೋಷಕ ಮಂಡಳಿ ಹುಟ್ಟಿತು.

ಮಂಡಳಿಯ ಅಧ್ಯಕ್ಷರು ಆದಿನಾರಾಯಣ ಮೊದಲಿಯಾರ್. ಯುದ್ಧದ ಉದ್ದಕ್ಕೂ ದಂಡಿಗೆ ಡೇರೆ ಹೊಲಿಸಿಕೊಟ್ಟವರು. ಯುದ್ಧ ನಿಂತ ಮೇಲೆ ಡೇರೆಗಳು ಉಳಿದವು, ಪುರುಸೊತ್ತು ಉಳಿಯಿತು, ಎರಡನ್ನೂ ಯಾವುದಾದರೂ ಒಳ್ಳೆಯದಕ್ಕೆ ಹಚ್ಚಬೇಕೆಂದು ಕಲೆಯನ್ನು ಆರಿಸಿಕೊಂಡರು. ಒಳ್ಳೆಯ ಮನುಷ್ಯ, ನಗು ಬಂದರೆ ಡೇರೆಯ ಹಗ್ಗ ಬಿಚ್ಚಿದಂತೆ ಇಡೀ ಮೈ ಕುಸಿದು ನಗುತ್ತಿದ್ದರು. ಕಾರ್ಯದರ್ಶಿ ಒಬ್ಬ ರಿಟೈರಾದ ಹೆಡ್‌ಮೇಷ್ಟರು. ಅವರೂ ಕೆಟ್ಟವರಲ್ಲ. ಆದರೆ ಬೆಳಿಗ್ಗೆ ಎದ್ದು ಹಲ್ಲುಜ್ಜುವುದಕ್ಕೂ ಒಂದು ಯೋಜನೆ ಹಾಕಿ, ಆ ಯೋಜನೆ ಸಿದ್ಧವಾಗುವ ಹೊತ್ತಿಗೆ ರಾತ್ರಿಯ ಊಟ ಮುಗಿಸಿರುತ್ತಿದ್ದರು.

ಮಂಡಳಿಗೆ ಮೊದಲು ಬೇಕಾದದ್ದು ಬೋರ್ಡು. ಯಾವ ಭಾಷೆ ಮೇಲಿರಬೇಕು ಎಂಬ ಚರ್ಚೆ ಬಂತು. ಜರ್ಮನಿಯ ಮೇಲಿನ ಯುದ್ಧ ಅದಕ್ಕಿಂತ ಬೇಗ ಮುಗಿದಿತ್ತು. ಕೊನೆಗೆ ಮೊದಲಿಯಾರರೇ ಉಪಾಯ ಹೇಳಿದರು: ದುಂಡನೆಯ ಬೋರ್ಡು ಮಾಡಿ ನಾಲ್ಕು ಭಾಷೆಯನ್ನೂ ಸುತ್ತ ಬರೆಯುವುದು, ಮೂರು ತಿಂಗಳಿಗೊಮ್ಮೆ ಕಾಲು ಸುತ್ತು ತಿರುಗಿಸುವುದು. ಪ್ರತಿಯೊಂದು ಭಾಷೆಗೂ ವರ್ಷದಲ್ಲಿ ಒಮ್ಮೆ ನೆತ್ತಿ, ಒಮ್ಮೆ ತಲೆಕೆಳಗು, ಎರಡು ಸಲ ಪಕ್ಕಕ್ಕೆ ಮಲಗಿ ವಿಶ್ರಾಂತಿ. ಎಲ್ಲರೂ ಒಪ್ಪಿದರು. ಬೋರ್ಡನ್ನು ಬರೆದವನು ಸಂಜೀವಪ್ಪ. ಅದನ್ನು ತಿರುಗಿಸುವುದಕ್ಕೂ ಅವನನ್ನೇ ಕರೆಸಬೇಕಾಗಿ, ಅವನು ಏಣಿ ಹೊತ್ತು ಬರುವುದು, ಸಭೆಯ ಬಾಗಿಲಲ್ಲಿ ನಿಲ್ಲುವುದು, ಕಾಫಿ ಕುಡಿಯುವುದು ಅಭ್ಯಾಸವಾಯಿತು. ಒಂದು ದಿನ ಮೊದಲಿಯಾರರು, “ಪೇಂಟರ್ರೇ, ನಿಂತ್ಕೊಂಡ್ರೆ ಕಾಲು ನೋಯತ್ತೆ, ಮೆಂಬರ್ ಆಗ್ಬಿಡಿ,” ಎಂದರು. ಹೀಗೆ ಸಂಜೀವಪ್ಪ ಮಂಡಳಿಯ ಸದಸ್ಯನಾದ.

“ಮೆಂಬರಾ?” ಮುನಿಶಾಮಮ್ಮ ಒಲೆ ಊದುವುದನ್ನು ಬಿಟ್ಟು ಕೇಳಿದಳು. “ಏಣಿ ಮೇಲಿರೋ ತನಕ ನೀನು ಬುದ್ಧಿವಂತ. ಕುರ್ಚಿ ಮೇಲೆ ಕೂತ್ರೆ ಏನಾಗ್ತೀಯೋ, ಆ ದೇವರೇ ಬಲ್ಲ.”

ಅವನು ಕೂತ ಮೊದಲ ಸಭೆಯಲ್ಲೇ ಕಾರ್ಯದರ್ಶಿಗಳು ಯೋಜನೆಯನ್ನು ಓದಿದರು. ಸ್ಥಳೀಯ ಕಲೆಯನ್ನು ಮೊದಲು ಗುರುತಿಸುವುದು, ಆಮೇಲೆ ಪರಿಶೀಲಿಸುವುದು, ಆಮೇಲೆ ಪೋಷಿಸುವುದು. ಒಬ್ಬ ಹಾರ್ಮೋನಿಯಂ ವಿದ್ವಾಂಸರು, ಒಬ್ಬ ಪಿಟೀಲಿನವರು, ಒಂದು ಹೆಂಗಸರ ಕೋಲಾಟದ ತಂಡ ಆಗಲೇ ಗುರುತಿಸಲ್ಪಟ್ಟಿದ್ದವು.

“ಬೇರೆ ಏನಿದೆ ನಮ್ ಕಡೆ?” ಎಂದು ಮೊದಲಿಯಾರರು ಸಂಜೀವಪ್ಪನತ್ತ ತಿರುಗಿದರು.

ಸಂಜೀವಪ್ಪ ಎದ್ದು ನಿಂತ. ಹುಲಿಯ ಬಗ್ಗೆ ಹೇಳಿದ. ಹೇಳುತ್ತ ಹೇಳುತ್ತ ಹುಲಿ ದೊಡ್ಡದಾಯಿತು. ಸಭೆಯಲ್ಲಿದ್ದ ಒಬ್ಬಿಬ್ಬರು ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು. ಕೊನೆಯಲ್ಲಿ ಗಂಟಲು ಸರಿಮಾಡಿಕೊಂಡು ಕೇಳಿದ: “ಬೇರೇನೂ ಬೇಡ ಸ್ವಾಮಿ. ಬ್ಲ್ಯಾಕ್‌ಪಳ್ಳಿಯಿಂದ ಹಲಸೂರು ಕೆರೆ ತನಕ ತಮಟೆ ಸಮೇತ ಹೋಗೋಕೆ ಪೊಲೀಸ್ನೋರ ಹತ್ರ ಒಂದು ಪರ್ಮಿಟ್ ಕೊಡಿಸಿ. ಅಷ್ಟು ಪೋಷಣೆ ಮಾಡಿದ್ರೆ ಸಾಕು.”

“ಕೊಡಿಸೋಣ,” ಎಂದರು ಮೊದಲಿಯಾರರು ತಕ್ಷಣ. “ಕಮಿಷನರ್ ನಮ್ಗೆ ಗೊತ್ತು. ಡೇರೆ ಕೊಟ್ಟಿದೀನಿ.”

“ನಿಲ್ಲಿ, ನಿಲ್ಲಿ,” ಎಂದರು ಕಾರ್ಯದರ್ಶಿಗಳು. “ಪರಿಶೀಲನೆ ಆಗದೆ ಪೋಷಣೆ ಹೇಗೆ ಆಗತ್ತೆ? ಮಂಡಳಿ ಕಣ್ಣಾರೆ ನೋಡ್ಬೇಕು. ಯಾವಾಗ ಈ ಹುಲಿ?”

“ಮೊಹರಂಗೆ ಸ್ವಾಮಿ. ಮೊನ್ನೆ ಆಯ್ತಲ್ಲ. ಇನ್ನು ಮುಂದಿನ ಡಿಸೆಂಬರ್.”

“ಯೋಜನೆ ವರ್ಷ ಮಾರ್ಚಿಗೆ ಮುಗಿಯತ್ತೆ. ಅಷ್ಟರೊಳಗೆ ನೋಡದೇ ಇದ್ದದ್ದು ಈ ವರ್ಷದ ಯೋಜನೇಲಿ ಬರಲ್ಲ. ಹಬ್ಬಾನೇ ಸ್ವಲ್ಪ ಮುಂಚೆ ಮಾಡ್ಕೊಳಕ್ಕಾಗಲ್ವೇ?”

“ಮೇಷ್ಟ್ರೇ, ಅದು ಚಂದ್ರನ್ನ ನೋಡಿ ಬರೋ ಹಬ್ಬ,” ಎಂದರು ಮೊದಲಿಯಾರರು. “ಚಂದ್ರನಿಗೆ ಮೆಮೋ ಕಳಿಸ್ತೀರಾ?”

ಎಲ್ಲರೂ ನಕ್ಕರು. ಕಾರ್ಯದರ್ಶಿಗಳು ನಗಲಿಲ್ಲ, ಚಂದ್ರ ಯಾವ ಇಲಾಖೆಗೆ ಸೇರುತ್ತಾನೆಂದು ಅರೆಗಳಿಗೆ ಯೋಚಿಸಿದ್ದು ಅವರ ಮುಖದಲ್ಲಿ ಕಂಡಿತು. ಆಮೇಲೆ ಅವರೇ ದಾರಿ ಹೇಳಿದರು. ಮಾರ್ಚಿನಲ್ಲಿ ಮಂಡಳಿಯ ಪ್ರದರ್ಶನವಿದೆ. ಹಾರ್ಮೋನಿಯಂ ಆದಮೇಲೆ, ಪಿಟೀಲಿಗೆ ಮುಂಚೆ, ಹುಲಿಯನ್ನು ಸ್ವಲ್ಪ ಹೊತ್ತು ತೋರಿಸಿಬಿಡಲಿ. ಮಂಡಳಿ ನೋಡಿದಂತಾಯಿತು. ಪರ್ಮಿಟ್ಟು ಡಿಸೆಂಬರಿಗೆ ಕೈಯಲ್ಲಿರುತ್ತದೆ.

ಸಂಜೀವಪ್ಪನಿಗೆ ಇದರಲ್ಲಿ ತೊಡಕು ಕಾಣಲಿಲ್ಲ. ಅವನು ಬೋರ್ಡಿನವನು. ಗಿರಾಕಿ ಬಂದರೆ ಮೊದಲು ಒಂದು ತಗಡಿನ ಚೂರಿನ ಮೇಲೆ ಒಂದಕ್ಷರ ಬರೆದು ತೋರಿಸುವುದು ಅವನ ಕಸುಬಿನ ರೀತಿ. ಅದಕ್ಕೆ ಸ್ಯಾಂಪಲ್ ಎನ್ನುತ್ತಾರೆ. ಅದನ್ನು ಯಾರೂ ಅಂಗಡಿಯ ಮೇಲೆ ತೂಗುಹಾಕುವುದಿಲ್ಲ; ಅದರಿಂದ ಯಾರ ಅಂಗಡಿಯೂ ತೆರೆಯುವುದಿಲ್ಲ, ಮುಚ್ಚುವುದಿಲ್ಲ. ಒರೆಸಿ ಬಿಸಾಡುತ್ತಾರೆ. ಹುಲಿಯದೂ ಒಂದು ಸ್ಯಾಂಪಲ್ ತೋರಿಸಿದರಾಯಿತು ಎಂದುಕೊಂಡ.

ಅಮೀರ್ ಒಬ್ಬರ ಮನೆಯ ಜಗಲಿಯಲ್ಲಿ ಹತ್ತಿ ಪಿಂಜುತ್ತ ಕೂತಿದ್ದ. ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿ ತನ್ನ ತಾತನಂತೆ ಕಾಣುತ್ತಿದ್ದ. ಸಂಜೀವಪ್ಪ ವಿಷಯ ಹೇಳಿದ. ಬಿಲ್ಲು ನಿಂತಿತು.

“ಅಮ್ಮೀನ ಕೇಳ್ಬೇಕು ಸಂಜೀವಣ್ಣ.”

“ಕೇಳಿದ್ರೆ ಗುಟ್ಟು ಎಲ್ಲುಳೀತೋ? ಡಿಸೆಂಬರ್‌ನಲ್ಲಿ ತಮಟೆಯವರನ್ನ ಕರ್ಕೊಂಡು ಬಂದು ಬಾಗಿಲಲ್ಲಿ ನಿಂತು, ‘ಅಮ್ಮಾಜಾನ್, ನಡೀರಿ ಕೆರೆಗೆ’ ಅಂತೀನಿ. ಆಗ ಅವರ ಮುಖ ಹೆಂಗಿರತ್ತೆ ಅಂತ ಯೋಚ್ನೆ ಮಾಡು.”

ಅಮೀರ್ ಯೋಚನೆ ಮಾಡಿದ. ಮುಖ ಸ್ವಲ್ಪ ಅರಳಿತು. “ಆದ್ರೆ ಹರಕೆ ಇಲ್ದೆ ಬಣ್ಣ...”

“ಬಣ್ಣ ಅಲ್ಲ ಮಾರಾಯ, ಸ್ಯಾಂಪಲ್ಲು. ಸ್ಯಾಂಪಲ್ಲಿಗೆ ಯಾವ ಹರಕೆ?”

ಅಮೀರ್ ಜೀವಮಾನದಲ್ಲಿ ಯಾರ ಜೊತೆಗೂ ವಾದ ಮಾಡಿದವನಲ್ಲ. ಬಿಲ್ಲನ್ನು ಮತ್ತೆ ಮೀಟಿದ.

ಪ್ರದರ್ಶನದ ದಿನ ಸಭಾಂಗಣದ ಹಿಂದೆ, ಕುರ್ಚಿ ಪೇರಿಸಿಡುವ ಕೋಣೆಯಲ್ಲಿ ಸಂಜೀವಪ್ಪ ಚಿಪ್ಪುಗಳಲ್ಲಿ ಹಳದಿ, ಕಪ್ಪು, ಬಿಳಿ ಕಲಸಿಟ್ಟ. ಅಮೀರ್ ಚಡ್ಡಿ ಹಾಕಿಕೊಂಡು ನೆಲದ ಮೇಲೆ ಚಕ್ಕಂಬಕ್ಕಲ ಕೂತ. ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಹಣೆ ಮುಂದೆ ಮಾಡಿದ. ಸಂಜೀವಪ್ಪನೂ ಅಭ್ಯಾಸಬಲದಿಂದ ಬ್ರಷ್ ಹಿಡಿದುಕೊಂಡು ಕಾದ. ಇಬ್ಬರೂ ಹಾಗೇ ಇದ್ದರು. ಒಳಗೆ ಹಾರ್ಮೋನಿಯಂ ಶುರುವಾಗಿತ್ತು.

“ಅಮ್ಮಿ ಇಲ್ವಲ್ಲ,” ಎಂದ ಅಮೀರ್, ಕಣ್ಣು ತೆರೆಯದೆ.

“ಇಲ್ಲ.”

“ಮತ್ತೆ ಹೆಂಗೆ?”

ಸಂಜೀವಪ್ಪನಿಗೆ ಒಂದು ಕ್ಷಣ ಏನೋ ಆಯಿತು. ಏನಾಯಿತು ಎಂದು ಅವನು ಆಮೇಲೆ ಎಷ್ಟೋ ಸಲ ಯೋಚಿಸಿ, ಆ ಕ್ಷಣಕ್ಕೆ ವಾಪಸು ಹೋಗಿ ಚಿಪ್ಪುಗಳನ್ನೆಲ್ಲ ಒದ್ದು ಉರುಳಿಸಿದಂತೆ ಕನಸು ಕಂಡದ್ದೂ ಉಂಟು. ಆಗ ಮಾತ್ರ ಅವನು ತಮಾಷೆ ಮಾಡಿದ. “ಹುಲಿಗೆ ಅಮ್ಮ ಬೇಕಂತೆ! ಕಾಡಲ್ಲಿ ಯಾರು ಇಡ್ತಾರೋ ಪಟ್ಟೆ?” ಎಂದು ಬ್ರಷ್ ಅದ್ದಿ ಹಣೆಯ ಮೇಲೆ ಎಳೆದ. ಗೆರೆ ನೇರವಾಗಿ, ನೂಲು ಹಿಡಿದ ಹಾಗೆ ಬಂತು. ಇಷ್ಟು ವರ್ಷದಲ್ಲಿ ಆ ಹಣೆಯ ಮೇಲೆ ಅಷ್ಟು ಚೆಂದದ ಗೆರೆ ಬಿದ್ದಿರಲಿಲ್ಲ. ಸಂಜೀವಪ್ಪ ಅದನ್ನು ಒರೆಸಿಬಿಡಲು ಬಟ್ಟೆ ಎತ್ತಿಕೊಂಡ. ಆದರೆ ಹಾರ್ಮೋನಿಯಂ ಮುಗಿಯುತ್ತ ಬಂದಿತ್ತು.

ವೇದಿಕೆಯದು ನುಣುಪಾದ ಹಲಗೆಯ ನೆಲ. ಬಣ್ಣ ತಾಗಬಾರದೆಂದು ಜಮಖಾನ ಹಾಸಿದ್ದರು. ಹುಲಿ ಬಂತು. ತಮಟೆಯ ಬದಲು ಒಬ್ಬರು ಮೃದಂಗ ಬಾರಿಸಿದರು; ಸಭಾಂಗಣದೊಳಗೆ ತಮಟೆ ಬೇಡ ಎಂದಾಗಿತ್ತು. ಎದುರಿಗೆ ಸಾಲುಸಾಲು ಕುರ್ಚಿಗಳಲ್ಲಿ ಕೂತವರು ಬೀಸಣಿಗೆ ಆಡಿಸುತ್ತಿದ್ದರು. ಬಾಲ ಮುಟ್ಟಲು ಒಂದು ಕೂಸೂ ಇರಲಿಲ್ಲ. ಆದರೂ ಅಮೀರ್ ಒಂದು ಸಲ ನೆಗೆದ, ಎರಡನೆಯ ಸಲ ನೆಗೆದ, ಗಾಳಿಯಲ್ಲಿ ಹೊರಳಿದ. ಜನ ಮೆಚ್ಚಿ ಚಪ್ಪಾಳೆ ತಟ್ಟಿದರು.

ಹುಲಿ ತಟ್ಟನೆ ನಿಂತುಬಿಟ್ಟಿತು. ಬೀದಿಯಲ್ಲಿ ಅವನಿಗೆ ಯಾರೂ ಚಪ್ಪಾಳೆ ತಟ್ಟಿದವರಲ್ಲ. ಹಿತ್ತಿಲಿಗೆ ನುಗ್ಗಿದ ಹಂದಿಯನ್ನೋ ಮಾಳಿಗೆಯ ಮೇಲಿನ ಕಾಗೆಯನ್ನೋ ಅಟ್ಟುವುದಕ್ಕೆ ಅವನ ಗಲ್ಲಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಅವನು ಪಕ್ಕದಲ್ಲಿ ನಿಂತ ಸಂಜೀವಪ್ಪನ ಕಡೆ ನೋಡಿದ. ಬಣ್ಣದೊಳಗಿನಿಂದ ನೋಡಿದ್ದು ಹುಲಿಯಲ್ಲ, ಬೆಕ್ಕಿಗೆ ದಾರಿ ಬಿಡುವ ಪಿಂಜಾರ. ಸಂಜೀವಪ್ಪ ‘ಕುಣಿ, ಕುಣಿ’ ಎಂದು ಕೈಮಾಡಿದ. ಹುಲಿ ಇನ್ನೊಂದಿಷ್ಟು ಕುಣಿದು, ಕೈಮುಗಿದು ಒಳಗೆ ಬಂತು. ಹುಲಿ ಕೈಮುಗಿದದ್ದನ್ನು ನೋಡಿ ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಬಹಳ ಶಿಸ್ತಿನ ಕಲೆ ಎಂದರು.

ಸೀಮೆಎಣ್ಣೆ ಹಾಕಿ ತಿಕ್ಕಿ, ಸೋಪು ಹಾಕಿ ತೊಳೆದು ಅಮೀರನನ್ನು ಮನೆಗೆ ಕಳಿಸಿದ್ದಾಯಿತು. ಆದರೆ ವಾರ್ನಿಷ್ ಕಲಸಿದ ಹಳದಿ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಪ್ರತಿ ವರ್ಷ ಅದನ್ನು ಕಡಲೆಹಿಟ್ಟು, ಎಣ್ಣೆ ಹಚ್ಚಿ, ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಹುಡುಕಿಹುಡುಕಿ ತೆಗೆಯುತ್ತಿದ್ದವಳು ಕಮರುನ್ನೀಸಾ. ಮಗ ಊಟಕ್ಕೆ ಕೂತಾಗ ಅವಳ ಕಣ್ಣು ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು.

ಮಾರನೆಯ ದಿನ ಸಂಜೀವಪ್ಪ ಹೋದಾಗ ಆಕೆ ಬೈಯಲಿಲ್ಲ. ಚಹಾ ಕೊಟ್ಟಳು. ಕುಡಿಯುವ ತನಕ ಕಾದಳು. ಇಷ್ಟು ವರ್ಷದಲ್ಲಿ ಆಕೆ ಬೈಯದೆ ಚಹಾ ಕೊಟ್ಟದ್ದು ಅದೇ ಮೊದಲು.

“ಮೊದಲ್ನೇ ಪಟ್ಟೆ ಯಾರು ಹಾಕಿದ್ರು?”

“ನಾನೇ ಅಮ್ಮಾಜಾನ್. ಸುಮ್ನೆ, ಒಂದು ಸ್ಯಾಂಪಲ್‌ಗೆ...”

“ನಿಂದು ಏನು ಹರಕೆ ಇತ್ತು ಬೇಟಾ?”

ಕೆರೆಯ ವಿಷಯ ಹೇಳಿಬಿಡಬೇಕೆಂದು ನಾಲಗೆಯ ತುದಿಗೆ ಬಂತು. ಹೇಳಿದರೆ ಗುಟ್ಟು ಹೋಗುತ್ತದೆ, ಡಿಸೆಂಬರಿನಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಅದನ್ನು ಲೋಟದ ತಳದ ಚಹಾದ ಜೊತೆ ನುಂಗಿದ. ಆಕೆ ಲೋಟ ತೆಗೆದುಕೊಂಡು ಒಳಗೆ ಹೋದಳು. ಹತ್ತಿಯ ಮೂಟೆಗೆ ಒರಗಿ ಕೂತಿದ್ದ ಅಮೀರ್ ಕಿವಿಯ ಹಿಂದಿನ ಹಳದಿಯನ್ನು ಉಗುರಿನಿಂದ ಕೆರೆಯುತ್ತಿದ್ದ.

ಮಂಡಳಿ ಮಾತಿಗೆ ತಪ್ಪಲಿಲ್ಲ. ಇಲ್ಲಿ ಯಾರನ್ನಾದರೂ ಬೈಯೋಣವೆಂದರೆ ಯಾರೂ ಸಿಗುವುದಿಲ್ಲ, ಅದೇ ಕಷ್ಟ. ಕಾರ್ಯದರ್ಶಿಗಳು ಹಗಲುರಾತ್ರಿ ಓಡಾಡಿದರು. ಮೊದಲಿಯಾರರು ಕಮಿಷನರ ಬಂಗಲೆಗೆ ಹೋಗಿ ಬಂದರು. ಯುದ್ಧದ ಹುಕುಂ ಸಡಿಲವಾಯಿತು. ಮೊಹರಂನ ಕೊನೆಯ ದಿನ ಹುಲಿಯೂ ತಮಟೆಯೂ ಬ್ಲ್ಯಾಕ್‌ಪಳ್ಳಿಯಿಂದ ಹೊರಟು ಹಲಸೂರು ಬಜಾರಿನ ಮೂಲಕ ಕೆರೆಯ ತನಕ ಹೋಗಬಹುದು. ಜನಸಂದಣಿ ನೋಡಿಕೊಳ್ಳಲು ಪೊಲೀಸರೂ ಜೊತೆಗಿರುತ್ತಾರೆ ಎಂದು ಪರ್ಮಿಟ್ಟು ಬಂತು. ಸಂಜೀವಪ್ಪ ಅದನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಮುನಿಶಾಮಮ್ಮನ ತವರು ಕಗ್ಗದಾಸಪುರಕ್ಕೆ ಹೋಗಿ, ಅಲ್ಲಿನ ತಮಟೆಯವರಿಗೆ ಹೇಳಿ ಬಂದ. ಅವರು ಬಡಿದರೆ ಕೃಷ್ಣರಾಜಪುರದ ಸ್ಟೇಷನ್ನಿನಲ್ಲಿ ನಿಂತ ರೈಲು, ಗಾರ್ಡು ಸೀಟಿ ಊದುವುದಕ್ಕೆ ಮುಂಚೆಯೇ ಹೊರಟುಬಿಡುತ್ತಿತ್ತು.

ಮೊಹರಂ ಶುರುವಾಯಿತು. ಸಂಜೀವಪ್ಪ ಬಣ್ಣದ ಚಿಪ್ಪುಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಗಲ್ಲಿಗೆ ಹೋದ. ಅಮೀರ್ ಚಡ್ಡಿ ಹಾಕಿಕೊಂಡು ಮನೆಯ ಮುಂದೆ ಕೂತಿದ್ದ. ಲೋಬಾನ ಹೊಗೆಯಾಡುತ್ತಿತ್ತು. ಕಮರುನ್ನೀಸಾ ಹೊಸ್ತಿಲ ಒಳಗೆ ಕೂತಿದ್ದಳು. ಸಂಜೀವಪ್ಪ ಚಿಪ್ಪನ್ನು ಆಕೆಯ ಮುಂದಿಟ್ಟ. ಆಮೇಲೆ, ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೇಳಿದ:

“ಅಮ್ಮಾಜಾನ್, ಈ ಸಲ ಕೆರೆಗೆ ಹೋಗೋಣ. ದಾರಿ ಬಿಡಿಸ್ಕೊಂಡು ಬಂದಿದೀನಿ.”

ಪರ್ಮಿಟ್ಟನ್ನು ತೋರಿಸಿದ. ಆಕೆ ಅದನ್ನು ಮುಟ್ಟಲಿಲ್ಲ. ಅವನ ಮುಖವನ್ನೇ ನೋಡಿದಳು.

“ಇದಕ್ಕೇನಾ ಅವತ್ತು?”

“ಹೂಂ.”

ಆಕೆಯ ಕಣ್ಣು ತುಂಬಿತು. “ಹೇಳಬಾರದಿತ್ತಾ ಬೇಟಾ? ಹೇಳಿದ್ರೆ ನಾನೇ ಬೇಡ ಅಂತಿದ್ನಲ್ಲ.” ಸೆರಗಿನಿಂದ ಒರೆಸಿಕೊಂಡಳು. “ಕೇಳು. ಅವತ್ತು ಈ ಮಗೂನ ನೆಲದ ಮೇಲೆ ಮಲಗಿಸಿ ನಾನು ಬೇಡ್ಕೊಂಡಿದ್ದು, ಇವನು ಹುಲಿ ಆಗೋದು ಆ ಪಂಜಾದ ಬಾಗಿಲಿಗೆ ಮಾತ್ರ ಅಂತ. ಇನ್ನೊಬ್ರ ಮುಂದೆ, ಇನ್ನೊಂದು ಕೆಲ್ಸಕ್ಕೆ ಬಣ್ಣ ತಾಗಿಸಲ್ಲ ಅಂತ. ಆ ಮಾತು ನನ್ನ ಕೈಯಲ್ಲಿ ಉಳೀಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಬೆರಳು ಅದ್ದಲಿ?”

“ತಪ್ಪು ನಂದು ಅಮ್ಮಾಜಾನ್. ನಿಮ್ದಲ್ಲ. ಇವನ್ದೂ ಅಲ್ಲ.”

“ನಿಂದೇ. ಆದ್ರೆ ಮಾತು ಕೊಟ್ಟೋಳು ನಾನಲ್ವಾ?”

“ಏನಾದ್ರೂ ದಂಡ ಕಟ್ಟೋಣ. ಮತ್ತೆ ಹರಕೆ ಹೊರಿ.”

“ಹರಕೆ ಹೊರೋಕೆ ಮಗು ಸಾಯೋ ಹಂಗಿರಬೇಕು,” ಎಂದಳು ಕಮರುನ್ನೀಸಾ. “ಅಷ್ಟು ದೊಡ್ಡದು ಕೊಟ್ಟು ತಗೊಂಡಿದ್ದು ಅದು. ಸುಮ್ನೆ ಬರಲ್ಲ.”

ಅಮೀರ್ ಕಣ್ಣು ಮುಚ್ಚಿಕೊಂಡು, ಹಣೆ ಮುಂದೆ ಮಾಡಿಕೊಂಡೇ ಕೂತಿದ್ದ. ತಾಯಿ ತನ್ನ ತೋರುಬೆರಳನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಸುತ್ತಿಕೊಂಡಳು. ಲೋಬಾನ ಆರಿತು. ಆಮೇಲೆ ಅಮೀರ್ ಎದ್ದು ಒಳಗೆ ಹೋಗಿ ಅಂಗಿ ಹಾಕಿಕೊಂಡ.

ಕೊನೆಯ ದಿನ ತಮಟೆಯವರು ಬಂದರು, ಪೊಲೀಸರು ಬಂದರು. ಹುಲಿ ಇಲ್ಲ ಎಂದು ಸಂಜೀವಪ್ಪ ದಫೇದಾರರಿಗೆ ಹೇಳಿದ. ಅವರು ಪರ್ಮಿಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದ್ರಲ್ಲಿ ಹುಲಿ ಕೆರೆಗೆ ಹೋಗತ್ತೆ ಅಂತ ಇದೆ. ಹೋಗಲಿಲ್ಲ ಅಂದ್ರೆ ನಾನು ಏನಂತ ಬರೀಲಿ? ನಡೀರಿ, ನಡೀರಿ.”

ಹೀಗೆ ಆ ವರ್ಷ ಒಂದು ಮೆರವಣಿಗೆ ಹೊರಟಿತು. ಮುಂದೆ ತಮಟೆಯವರು, ಹಿಂದೆ ಪೊಲೀಸರು, ನಡುವೆ ಒಂದು ಹುಲಿ ನೆಗೆಯುವಷ್ಟು ಖಾಲಿ ಜಾಗ. ಪೊಲೀಸರು ಲಾಠಿ ಅಡ್ಡ ಹಿಡಿದು ಆ ಖಾಲಿಯೊಳಗೆ ಯಾರೂ ಕಾಲಿಡದಂತೆ ನೋಡಿಕೊಂಡರು. ಯುದ್ಧ ಶುರುವಾದ ಮೇಲೆ ದೊಡ್ಡ ರಸ್ತೆಯಲ್ಲಿ ತಮಟೆ ಕೇಳಿಯೇ ಇರಲಿಲ್ಲ. ಹಲಸೂರು ಬಜಾರಿನ ಎರಡೂ ಬದಿ ಜನ ತುಂಬಿದರು. ತಾಯಂದಿರು ಕೂಸುಗಳನ್ನು ಎತ್ತಿ ಹಿಡಿದರು. “ಹುಲಿ ಎಲ್ರೀ?” ಎಂದು ಒಬ್ಬಾಕೆ ಕೇಳಿದಳು. “ಮುಂದೆ ಹೋಯ್ತಮ್ಮ,” ಎಂದರು ದಫೇದಾರರು. ಕೆರೆಯ ಹತ್ತಿರ ನಿಂತವರಿಗೆ ಹಿಂದೆ ಬರುತ್ತಿದೆ ಎಂದರು. ಹುಲಿಯನ್ನು ನೋಡಿದೆವು ಎಂದು ಆಮೇಲೆ ಆಣೆ ಮಾಡಿದವರು ಹಲಸೂರಿನಲ್ಲಿ ಎಷ್ಟೋ ಜನ. ಒಬ್ಬ ಶೆಟ್ಟರಂತೂ ಅದು ತಮ್ಮ ಅಂಗಡಿಯ ಬೆಲ್ಲ ನೆಕ್ಕಿತೆಂದರು.

ಸಂಜೀವಪ್ಪ ಎಲ್ಲರ ಹಿಂದೆ ಬುಟ್ಟಿ ಹಿಡಿದು ನಡೆದ. ಕೆರೆಯ ಮೆಟ್ಟಿಲ ಮೇಲೆ ತಮಟೆ ನಿಂತಿತು. ಬಣ್ಣವನ್ನಾದರೂ ನೀರಿಗೆ ಬಿಡೋಣವೆಂದು ಚಿಪ್ಪನ್ನು ಎತ್ತಿದ. ಹರಕೆ ಇಲ್ಲದ ಬಣ್ಣ ಕೆರೆಗೆ ಯಾಕೆ ಎನ್ನಿಸಿತು. ಎತ್ತಿದ್ದನ್ನು ಇಳಿಸಿ ಮನೆಗೆ ಬಂದ.

ಮಂಡಳಿಯ ವರ್ಷದ ವರದಿಯಲ್ಲಿ ಹುಲಿ ವೇಷವನ್ನು ಯಶಸ್ವಿಯಾಗಿ ಪೋಷಿಸಲಾಯಿತು ಎಂದು ಬಂತು. ಮುಂದಿನ ಮಳೆಗಾಲಕ್ಕೆ ದಂಡಿನ ಪ್ರದೇಶ ಬ್ರಿಟಿಷರಿಂದ ಮೈಸೂರು ಸರ್ಕಾರದ ಕೈಗೆ ಬಂತು, ಮಂಡಳಿ ತಾನಾಗಿ ಕರಗಿತು. ದುಂಡು ಬೋರ್ಡನ್ನು ಸಂಜೀವಪ್ಪ ಇಳಿಸಿಕೊಂಡು ಬಂದ. ಮುನಿಶಾಮಮ್ಮ ಅದನ್ನು ನೀರಿನ ಹಂಡೆಗೆ ಮುಚ್ಚಳ ಮಾಡಿಕೊಂಡಳು. ಯಾವ ಭಾಷೆ ಮೇಲಾಯಿತೆಂದು ಅವಳು ನೋಡುತ್ತಿರಲಿಲ್ಲ.

ಅದರ ಮರುವರ್ಷ ಕಮರುನ್ನೀಸಾ ತೀರಿಕೊಂಡಳು. ಸಂಜೀವಪ್ಪ ಹೆಗಲು ಕೊಟ್ಟ. ಆ ಮೊಹರಂ ಹತ್ತಿರ ಬಂದಾಗ ಧೈರ್ಯ ಮಾಡಿ ಕೇಳಿದ:

“ಅಮೀರಾ, ಈಗಲಾದ್ರೂ...”

ಅಮೀರ್ ಬಿಲ್ಲನ್ನು ಪಕ್ಕಕ್ಕಿಟ್ಟ. ಸಿಟ್ಟಿರಲಿಲ್ಲ ಅವನಿಗೆ. “ಮೊದಲ್ನೇ ಪಟ್ಟೆ ಯಾರು ಹಾ‌ಕ್ತಾರೆ ಸಂಜೀವಣ್ಣ?” ಎಂದ, ನಿಜವಾಗಿಯೂ ತಿಳಿದುಕೊಳ್ಳುವವನಂತೆ.

ಆದರೂ ಪ್ರತಿ ಮೊಹರಂಗೆ ಅವನು ಹಳದಿ ಕಲಸುವುದನ್ನು ಬಿಡಲಿಲ್ಲ. ಬುಟ್ಟಿ ಹಿಡಿದು ಗಲ್ಲಿಗೆ ಹೋಗುತ್ತಿದ್ದ. ಇಬ್ಬರೂ ಮನೆಯ ಮುಂದೆ ಕೂತು ಪಾನಕ ಕುಡಿಯುತ್ತಿದ್ದರು. ಚಿಪ್ಪಿನ ಬಣ್ಣ ಕೆನೆಗಟ್ಟುವ ತನಕ ಕಾದು, ಎತ್ತಿಕೊಂಡು ವಾಪಸು ಬರುತ್ತಿದ್ದ. ಕಲಸಿದ ಬಣ್ಣವನ್ನು ಬಿಸಾಡುವುದು ಪೇಂಟರನ ಕೈಗೆ ಬರುವುದಿಲ್ಲ. ಹಾಗಾಗಿ ಹಬ್ಬ ಕಳೆದ ಮೇಲೆ ಅವನು ಬರೆದ ಬೋರ್ಡುಗಳೆಲ್ಲ ಹಳದಿ, ಮೇಲೆ ಕಪ್ಪು. ಹಾಲಿನಂಗಡಿ ಹಳದಿ, ಹಲ್ಲಿನ ಡಾಕ್ಟರು ಹಳದಿ, ಶವಪೆಟ್ಟಿಗೆ ಮಾಡುವವನ ಅಂಗಡಿಯೂ ಹಳದಿ. ದಂಡಿನವರು ಇದು ಲಂಡನ್ನಿನಿಂದ ಬಂದ ಹೊಸ ಫ್ಯಾಷನ್ ಎಂದುಕೊಂಡು ಕೇಳಿ ಕೇಳಿ ಬರೆಸಿಕೊಂಡರು. ಬಿಸಿಲು ಬಿದ್ದ ಮಧ್ಯಾಹ್ನ ಬಜಾರು ಉದ್ದಕ್ಕೆ ಮೈಚಾಚಿ ಮಲಗಿದ ಹುಲಿಯ ಹಾಗೆ ಕಾಣುತ್ತಿತ್ತು. ಸಂಜೀವಪ್ಪ ಏಣಿಯ ಮೇಲೆ ನಿಂತು ಒಂದೊಂದು ಬೋರ್ಡಿಗೂ ಮೊದಲ ಗೆರೆಯನ್ನು ಬೇಕೆಂದೇ ಸೊಟ್ಟಗೆ ಎಳೆಯುತ್ತಿದ್ದ. ಅಷ್ಟು ಪಳಗಿದ ಕೈಗೆ ಅಮ್ಮಾಜಾನ್ ಎಳೆಯುತ್ತಿದ್ದ ಆ ಸೊಟ್ಟ ಮಾತ್ರ ಕೊನೆಯವರೆಗೂ ಸರಿಯಾಗಿ ಬರಲಿಲ್ಲ.